ಅರಸಾಳಿನ ರಸ್ತೆ ತಿರುವು

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಮಾರ್ಗದಲ್ಲಿ ಅರಸಾಳು ಎಂಬ ಪುಟ್ಟ ನಿಲ್ದಾಣವಿದೆ. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ನೋಡಿದ ಅಜ್ಜ-ಅಜ್ಜಿಯರಿಗೆ ಇದು ಪರಿಚಿತ. ಧಾರಾವಾಹಿಯ ಊರು ಆಗುಂಬೆಯಾದರೆ, ರೈಲು ನಿಲ್ದಾಣ ಇದೇ. ಇಲ್ಲಿನ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು.

ನನಗೆ ಮಾತ್ರ ಅರಸಾಳಿನ ನಂಟು ಅದಕ್ಕೂ ಹಳೆಯದು. 1976ರಲ್ಲಿ, ಮೀಟರ್ ಗೇಜ್ ಹಳಿಯಿದ್ದ ಕಾಲದಲ್ಲಿ, ಬ್ಯಾಂಕ್ ಗುಮಾಸ್ತನ ಕೆಲಸಕ್ಕೆ ಸೇರಲು ಟ್ರಂಕು ಹಿಡಿದು ಇಲ್ಲೇ ಇಳಿದಿದ್ದೆ. ಹಾಸಿಗೆ ಸುರುಳಿ ಹೊತ್ತು ಅಪ್ಪ ಜೊತೆಗೆ ಬಂದಿದ್ದರು.

ಈ ಕಥೆ ಕೇಳಿದ ಮೊಮ್ಮಗಳು ಬಿಡಬೇಕಲ್ಲ! ಒಂಬತ್ತನೇ ತರಗತಿಯ ಅವಳಿಗೆ ಶಾಲೆಯಲ್ಲಿ ಕಿರುಚಿತ್ರದ ಕೆಲಸ ಕೊಟ್ಟಿದ್ದರು. ಪೂರ್ತಿ ಚಿತ್ರವಲ್ಲ, ಆರಂಭದ ಎರಡು ನಿಮಿಷ ಮಾತ್ರ. ದಸರಾ ರಜೆಯಲ್ಲಿ ಹೊರಟೆವು. ತಂಡದಲ್ಲಿ ನಾಲ್ಕೇ ಜನ. ಅವಳು ನಿರ್ದೇಶಕಿ, ಒಬ್ಬ ಗೆಳೆಯ ಮೊಬೈಲ್ ಕ್ಯಾಮೆರಾಕ್ಕೆ, ಇನ್ನೊಬ್ಬ ಮಗನ ಪಾತ್ರಕ್ಕೆ. ಅಪ್ಪನ ಪಾತ್ರಕ್ಕೆ ನಾನು.

ರೈಲ್ವೆ ಜಾಗದಲ್ಲಿ ಚಿತ್ರೀಕರಣಕ್ಕೆ ಅನುಮತಿ ಬೇಕು. ನಮ್ಮಲ್ಲಿ ಇರಲಿಲ್ಲ. ನನ್ನ ಮುಖ ಸಪ್ಪಗಾಯಿತು. ಮೊಮ್ಮಗಳು, “ಅಜ್ಜಾ, ರೈಲು ಕಾಣದಿದ್ದರೇನು? ಕೂಗು ಕೇಳಿಸಿದರೆ ಸಾಕು” ಎಂದಳು. ಹೊರಗಿನ ರಸ್ತೆಯಲ್ಲೇ ನಿಂತೆವು. ನನ್ನ ಮೊಬೈಲನ್ನು ಕರವಸ್ತ್ರದಲ್ಲಿ ಸುತ್ತಿ ಕಲ್ಲಿನ ಮೇಲಿಟ್ಟು ಧ್ವನಿ ಹಿಡಿದರು. ಪ್ರತಿ ಬಾರಿ ಶುರುವಿನಲ್ಲಿ ಒಂದು ಚಪ್ಪಾಳೆ. ಆಮೇಲೆ ದೃಶ್ಯ, ಧ್ವನಿ ಎರಡನ್ನೂ ಕೂಡಿಸುವಾಗ ಆ ಚಪ್ಪಾಳೆಯೇ ಗುರುತಂತೆ.

ನಾನೂ ಸುಮ್ಮನಿರಲಿಲ್ಲ. ಪ್ರತಿ ಶಾಟನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ದೂರದ ಶಾಟಿನಲ್ಲಿ ಟ್ರಂಕು ಹುಡುಗನ ಬಲಗೈಯಲ್ಲಿ, ಹತ್ತಿರದ ಶಾಟಿನಲ್ಲಿ ಎಡಗೈಯಲ್ಲಿ! ಲೆಕ್ಕ ತಾಳೆಯಾಗಲಿಲ್ಲ. ಮತ್ತೆ ತೆಗೆದರು.

ಕೊನೆಯ ಶಾಟು ಉಳಿಯಿತು. ಮಗ ನಡೆದು ತಿರುವಿನಲ್ಲಿ ಮರೆಯಾಗಬೇಕು, ಅಪ್ಪ ನೋಡುತ್ತಿರಬೇಕು. ಕಣ್ಣೊರೆಸಿಕೊಳ್ಳಲೆಂದು ನಾನು ಟವೆಲ್ ಸಿದ್ಧಮಾಡಿಕೊಂಡಿದ್ದೆ.

“ಅಜ್ಜಾ, ನೀನು ಏನೂ ಮಾಡಬೇಡ. ಅವನು ಕಾಣದಾಗುವವರೆಗೆ ಸುಮ್ಮನೆ ನಿಲ್ಲು” ಎಂದಳು ನಿರ್ದೇಶಕಿ.

ನಿಂತೆ. ಚಪ್ಪಾಳೆಯಾಯಿತು. ಹುಡುಗ ನಡೆದ. ಎಷ್ಟು ಹೊತ್ತಾದರೂ ತಿರುವು ಬರಲೊಲ್ಲದು. ಅಂದು ನಾನು ಹೀಗೇ ಹೋಗಿದ್ದೆ. ಅಪ್ಪನ ಕೋಟಿನ ತೇಪೆ ಜನರ ಕಣ್ಣಿಗೆ ಬಿದ್ದೀತೆಂದು ನಾಚಿ, ಹಾಸಿಗೆ ಸುರುಳಿಯನ್ನೂ ಕಿತ್ತುಕೊಂಡು, “ನೀವಿನ್ನು ಹೊರಡಿ” ಎಂದು ಬಿರಬಿರನೆ ನಡೆದಿದ್ದೆ. ಒಮ್ಮೆಯೂ ತಿರುಗಿ ನೋಡಲಿಲ್ಲ. ಅಪ್ಪ ಎಷ್ಟು ಹೊತ್ತು ನಿಂತಿದ್ದರೋ! ಕೇಳೋಣವೆಂದರೆ ಈಗ ಅವರಿಲ್ಲ.

“ಕಟ್” ಎಂದದ್ದು ನನಗೆ ಕೇಳಿಸಲೇ ಇಲ್ಲ. ಮೊಮ್ಮಗಳು ಬಂದು ಕೈ ಹಿಡಿದಳು. “ಶಾಟ್ ಚೆನ್ನಾಗಿ ಬಂತು ಅಜ್ಜಾ. ಇನ್ನೊಮ್ಮೆ ಬೇಡ.”

ನೋಟ್‌ಬುಕ್ ನೋಡಿದೆ. ಆ ಶಾಟಿನ ಮುಂದೆ ನಾನು ಏನೂ ಬರೆದಿರಲಿಲ್ಲ.

ಮರುದಿನ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಅವಳನ್ನು ಬೆಂಗಳೂರಿನ ಬಸ್ಸಿಗೆ, ಅವಳಮ್ಮನ ಜೊತೆ ಹತ್ತಿಸಿದೆ. ಬಸ್ಸು ತಿರುಗುವವರೆಗೂ ಕಿಟಕಿಯಿಂದ ಒಂದು ಪುಟ್ಟ ಕೈ ಆಡುತ್ತಲೇ ಇತ್ತು.