ಯಾವ ಊರು ಬೇಕು ನಿನಗೆ?

ಊರೆಂಬುದು ಅಂಗಡಿಯ ಸೀರೆಯಂತೆ ಬಿಡಿಸಿ ನೋಡಿ ಆರಿಸಿಕೊಳ್ಳತಕ್ಕ ವಸ್ತುವಲ್ಲ ಎಂದೇ ನಾನು ಬಹುಕಾಲ ನಂಬಿದ್ದೆ. ಗಂಡಸರು ಊರಿನಲ್ಲಿ ಹುಟ್ಟುತ್ತಾರೆ. ಹೆಂಗಸರನ್ನು ಊರಿಗೆ ಕೊಡುತ್ತಾರೆ. ನಮ್ಮ ಅಜ್ಜಿಯನ್ನು ಕುದೇರಿಗೆ ಕೊಟ್ಟರು. ಅವ್ವನನ್ನು ನರಸೀಪುರದ ಕಡೆಯಿಂದ ತಂದು ಕುದೇರಿಗೇ ಕೊಟ್ಟರು. ಅಕ್ಕನನ್ನು ಕುದೇರಿನಿಂದ ಎಬ್ಬಿಸಿ ಪಡುವಣ ಕಡಲ ದಡದ ಮಲ್ಪೆಗೆ ಕೊಟ್ಟರು. ಇವರಲ್ಲಿ ಒಬ್ಬರನ್ನಾದರೂ “ನಿನಗೆ ಯಾವ ಊರು ಬೇಕವ್ವ?” ಎಂದು ಯಾರೂ ಕೇಳಿದ್ದಿಲ್ಲ. ಈ ವರ್ಷ ಆ ಪ್ರಶ್ನೆ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಹುಟ್ಟಿತು. ಹುಟ್ಟಿ ನನ್ನ ಪಾಲಿಗೆ ಬಂತು. ಬಿ.ಎ. ಅಂತಿಮ ವರ್ಷದವರೆಗೆ ಓದಿದ್ದರ ಫಲ ಇದೇ ಇರಬೇಕು. ಪರೀಕ್ಷೆಯ ಪ್ರಶ್ನೆಗಳಿಗಾದರೆ ಗೈಡುಗಳುಂಟು. ಇದಕ್ಕೆ ಯಾರೂ ಇನ್ನೂ ಅಚ್ಚು ಹಾಕಿಸಿಲ್ಲ.

ಭಾವ ನಮ್ಮ ಕಡೆಯವರೇ, ಸಂತೇಮರಹಳ್ಳಿಯ ಹತ್ತಿರದವರು. ಕೆಲಸ ಹುಡುಕುತ್ತ ಹೋಗಿ ಮಲ್ಪೆಯ ಬಂದರಿನ ಬಳಿ ಒಂದು ಐಸ್ ಪ್ಲಾಂಟಿನಲ್ಲಿ ನಿಂತರು. ದೀಪಾವಳಿಗೆ ಬಂದಿದ್ದ ಅಕ್ಕ ಹೇಳಿದಳು: “ಪರೀಕ್ಷೆ ಮುಗಿಸ್ಕೊಂಡು ನಮ್ಮಲ್ಲಿಗೆ ಬಂದ್ಬುಡು. ಪ್ಲಾಂಟಲ್ಲಿ ಲೆಕ್ಕ ಬರೆಯೋಕೆ ಜನ ಬೇಕಂತೆ. ಎಂ.ಎ. ಬೇಕಾದ್ರೆ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕಟ್ಟು.” ಇನ್ನೊಂದು ಕಡೆ ಚಾಮರಾಜನಗರ. ಅಲ್ಲಿಯ ಸುವರ್ಣಗಂಗೋತ್ರಿಯ ಸ್ನಾತಕೋತ್ತರ ಕೇಂದ್ರ 2023ರಲ್ಲಿ ವಿಶ್ವವಿದ್ಯಾನಿಲಯವೇ ಆಯಿತು. ತರಗತಿಯಲ್ಲಿ ಕುಳಿತು ಕನ್ನಡ ಎಂ.ಎ. ಮಾಡಬಹುದು, ಬಸ್ಸು ಹತ್ತಿದರೆ ಅವ್ವನ ಕೈ ಊಟ ದೂರವಲ್ಲ. ಅಪ್ಪನನ್ನು ಕೇಳಿದೆ. ಅಪ್ಪ ಅರಿಶಿನದ ಹೊಲದಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದರು. “ಓದ್ದವಳು ನೀನು. ನೀನೇ ಯೋಳು” ಎಂದರು.

ಮಲ್ಪೆಯನ್ನು ನಾನು ಎರಡು ಸಲ ಕಂಡಿದ್ದೇನೆ. ನಮ್ಮ ಜಿಲ್ಲೆಯವರಿಗೆ ನೀರೆಂದರೆ ಕೆರೆ, ಹೆಚ್ಚೆಂದರೆ ಕಾವೇರಿ. ಆಚೆ ದಡವೇ ಇಲ್ಲದ ನೀರನ್ನು ಮೊದಲು ನೋಡಿದಾಗ ನನಗೆ ಆನಂದವಾಯಿತೆಂದು ಬರೆದರೆ ಸುಳ್ಳಾದೀತು. ಸ್ವಲ್ಪ ತಲೆ ಸುತ್ತಿತು, ಅಷ್ಟೆ. ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಕಡಲಲ್ಲ, ದಕ್ಕೆಯ ಮೇಲಿನ ಹೆಂಗಸರು. ಬೆಳಗಿನ ಜಾವ ಬೋಟುಗಳಿಂದ ಬೂತಾಯಿ, ಬಂಗುಡೆ ಇಳಿಯುತ್ತವೆ, ಏಲಂ ಶುರುವಾಗುತ್ತದೆ. ನಮ್ಮ ಅವ್ವನ ವಯಸ್ಸಿನ ಮೊಗವೀರ ಹೆಂಗಸರು ರಾಶಿಯ ಮುಂದೆ ನಿಂತು ಗಂಡಸರ ಸಮಸಮಕ್ಕೆ ಕೂಗುತ್ತಾರೆ, ಬೈಯುತ್ತಾರೆ, ಕೊಳ್ಳುತ್ತಾರೆ. ನೋಟು ಎಣಿಸುವವರೂ ಅವರೇ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರೂ ಅವರೇ. ನಮ್ಮಲ್ಲಿ ಅರಿಶಿನವನ್ನು ಬಿತ್ತಿ, ಕಿತ್ತು, ಬೇಯಿಸಿ, ಒಣಗಿಸುವವರೆಗೆ ಅವ್ವನ ಕೈ ಬೇಕು. ಮಂಡಿಯಲ್ಲಿ ದುಡ್ಡು ಎಣಿಸುವಾಗ ಮಾತ್ರ ಅವ್ವ ಮನೆಯಲ್ಲಿರುತ್ತಾಳೆ. ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳಿದ ಎಷ್ಟೋ ಮಾತು ನನಗೆ ಆ ದಕ್ಕೆಯ ಮೇಲೆ ತಿಳಿಯಿತು.

ಅವರ ಮಾತು ತುಳು. ನನ್ನೊಡನೆ ಮಾತ್ರ ಅಚ್ಚುಕಟ್ಟಾದ ಪುಸ್ತಕದ ಕನ್ನಡವನ್ನಾಡುತ್ತಿದ್ದರು. ಕನ್ನಡ ಐಚ್ಛಿಕ ಓದುವ ನಾನು ಅದಕ್ಕೆ ನಮ್ಮ ಸೀಮೆಯ ‘ಒಸಿ’, ‘ಬುಡು’ಗಳಲ್ಲಿ ಉತ್ತರ ಕೊಡುತ್ತಿದ್ದೆ. ಊರು ಯಾವುದೆಂದು ಕೇಳಿದರು. ಚಾಮರಾಜನಗರದ ಕಡೆ ಎಂದೆ. “ವೀರಪ್ಪನ್ ಇದ್ದ ಊರಾ?” ಎಂದರು. ಅವನು ಸತ್ತದ್ದು 2004ರಲ್ಲಿ. ನಾನಾಗ ಹುಟ್ಟಿರಲೇ ಇಲ್ಲ. ಆದರೇನು, ಅವನ ಊರಿನವಳೆಂಬ ಬಿರುದು ನನಗೆ ಅಳಿಯಲಿಲ್ಲ.

ಅವ್ವನ ಅಳುಕು ಬೇರೆ. ಅಕ್ಕನ ಮದುವೆಯ ಮಾತು ನಡೆಯುತ್ತಿದ್ದಾಗಲೇ, 2018ರ ಡಿಸೆಂಬರಿನಲ್ಲಿ, ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಜನರೊಂದಿಗೆ ಕಾಣದಾಯಿತು. ತಿಂಗಳುಗಟ್ಟಲೆ ಹುಡುಕಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ, ಕಡಲ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆಯವರು ಕಂಡರು. ಏಳು ಮಂದಿ ಮಾತ್ರ ಮನೆಗೆ ಬರಲಿಲ್ಲ. ಅಂದಿನಿಂದ ಅವ್ವನಿಗೆ ಮಲ್ಪೆಯೆಂದರೆ ಆ ಏಳು ಜನರೇ. “ಅವರು ಐಸ್ ಪ್ಲಾಂಟಿನಲ್ಲಿ ನೆಲದ ಮೇಲಿರ್ತಾರೆ ಕನವ್ವ” ಎಂದು ಅಕ್ಕ ಎಷ್ಟು ಹೇಳಿದರೂ ಕೇಳಳು. ಕೊನೆಗೊಮ್ಮೆ ಅಕ್ಕ ರೇಗಿ, “2021ರಲ್ಲಿ ನಿಮ್ಮ ನಗರದಲ್ಲಿ ಆಕ್ಸಿಜನ್ ಇಲ್ದೆ ಒಂದೇ ರಾತ್ರೀಲಿ ಸತ್ತೋದ್ರಲ್ಲ, ಅವರೇನು ಸಮುದ್ರಕ್ಕೆ ಹೋಗಿದ್ರಾ?” ಎಂದಳು. ಆ ರಾತ್ರಿ ಮನೆಯಲ್ಲಿ ಮತ್ತೆ ಮಾತಿಲ್ಲ.

ಬಂದರಿನ ಕಷ್ಟ ಅವ್ವ ನೆನೆಯುವಂಥದಲ್ಲ. ನೋಡಿ, ಜೂನ್ 1ರಿಂದ ಜುಲೈ 31ರವರೆಗೆ, ಲೆಕ್ಕ ಹಿಡಿದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಮಾಡುವ ಕಾಲ, ಮಳೆಗಾಲದ ಕಡಲೂ ಒರಟು, ನಿಷೇಧ ನ್ಯಾಯವೇ. ಆದರೆ ಬೋಟು ನಿಂತರೆ ಐಸು ಯಾರಿಗೆ ಬೇಕು? ಭಾವನ ಕೂಲಿಯೂ ನಿಲ್ಲುತ್ತದೆ. ವಿಚಿತ್ರವೆಂದರೆ, ಮಳೆ ಬಂದೊಡನೆ ನಮ್ಮಲ್ಲಿ ಕೆಲಸ ಆರಂಭ. ಅದೇ ಮಳೆಗೆ ಅವರಲ್ಲಿ ಕೆಲಸ ಬಂದ್. ಮಳೆಯೂ ಎಂಥದು! ನಮ್ಮಲ್ಲಿ ವರ್ಷಕ್ಕೆ 700–800 ಮಿಲಿಮೀಟರು ಬಿದ್ದರೆ ಕೈ ಮುಗಿಯುತ್ತೇವೆ. ಉಡುಪಿಯ ಕಡೆ 4,000ಕ್ಕೂ ಮೇಲೆ ಬೀಳುತ್ತದೆ. ಅಕ್ಕನ ಮನೆಯಲ್ಲಿ ನಾನು ಬಿಟ್ಟು ಬಂದಿದ್ದ ಕಾವ್ಯಮೀಮಾಂಸೆಯ ಪುಸ್ತಕ ಮುಂದಿನ ಸಲ ಹೋಗುವ ವೇಳೆಗೆ ಬೂಷ್ಟು ಹಿಡಿದು ಹಸುರಾಗಿತ್ತು. ಇನ್ನೊಂದು ಮಾತು, ಗೆಳತಿಯರಿಗಾಗಿ: 2023ರಿಂದ ಸರ್ಕಾರಿ ಬಸ್ಸುಗಳಲ್ಲಿ ನಮಗೆ ಟಿಕೆಟ್ಟಿನ ದುಡ್ಡಿಲ್ಲವಷ್ಟೆ. ಆ ಸೀಮೆಯಲ್ಲಾದರೋ ಖಾಸಗಿ ಬಸ್ಸುಗಳದೇ ರಾಜ್ಯ. ನಮ್ಮ ‘ಶಕ್ತಿ’ ಅಲ್ಲಿ ಅರ್ಧಕ್ಕರ್ಧ ಉಡುಗಿಹೋಗುತ್ತದೆ.

ಇನ್ನು ಚಾಮರಾಜನಗರ. ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ ಹೆಸರು ಬದಲಿಸಿ, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. 1997ರಲ್ಲಿ ಜಿಲ್ಲಾ ಕೇಂದ್ರವಾಯಿತು. ಮೈಸೂರಿನಿಂದ ಬರುವ ರೈಲು ಇಲ್ಲಿಗೆ ಬಂದು ನಿಲ್ಲುತ್ತದೆ, ಮುಂದಕ್ಕೆ ಹಳಿಯಿಲ್ಲ. ಇಷ್ಟು ಹೇಳಿದರೆ ಊರಿನ ವರ್ಣನೆ ಬಹುಮಟ್ಟಿಗೆ ಮುಗಿಯಿತು.

ಹಾಸ್ಟೆಲಿನ ಪಟ್ಟಿ ಬರುವವರೆಗೆ ಒಂದು ಕೋಣೆ ಬೇಕಲ್ಲ ಎಂದು ಗೆಳತಿಯೊಡನೆ ಹುಡುಕಲು ಹೊರಟೆ. ಒಂದು ಬೀದಿಯಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ. ಯಜಮಾನಿ ನೀರು ಕೊಟ್ಟರು, ಓದನ್ನು ಮೆಚ್ಚಿದರು, ಆಮೇಲೆ ಮೆತ್ತಗೆ “ನೀವು ಯಾವ ಜನ?” ಎಂದರು. ಹೇಳಿದೆ. ಕೋಣೆ ನಿನ್ನೆ ತಾನೇ ಬೇರೆಯವರಿಗೆ ಒಪ್ಪಿಸಿಬಿಟ್ಟದ್ದು ಅವರಿಗೆ ಆಗ ನೆನಪಾಯಿತು. ಎಂಟು ದಿನದ ಮೇಲೆ ಅದೇ ದಾರಿಯಲ್ಲಿ ಹೋದಾಗಲೂ ಹಲಗೆ ಅಲ್ಲೇ ತೂಗುತ್ತಿತ್ತು. ಅಕ್ಕನಿಗೆ ಮಲ್ಪೆಯಲ್ಲಿ ಮನೆ ಕೊಡುವಾಗ ಕೇಳಿದ್ದು ಬಾಡಿಗೆ ತಿಂಗಳ ಮೊದಲಿಗೆ ಬರುತ್ತದೆಯೇ ಎಂಬುದನ್ನು ಮಾತ್ರವಂತೆ. ಹತ್ತಾರು ಕಡೆಯ ಜನ ಬಂದು ದುಡಿಯುವ ಬಂದರು ಅದು. ಎಲ್ಲರನ್ನೂ ಜಾತಿ ಕೇಳುತ್ತ ಕುಳಿತರೆ ಬೋಟು ಹೊರಡುವುದಿಲ್ಲವೇನೋ. ಅಲ್ಲಿ ಎಲ್ಲರಿಗೂ ಹೀಗೆಯೇ ಎಂದು ನಾನು ಪ್ರಮಾಣ ಮಾಡಲಾರೆ. ಅಕ್ಕನಿಗೆ ಹಾಗಾಯಿತು, ನನಗೆ ಹೀಗಾಯಿತು.

ಇಷ್ಟಾದರೂ ನಾನು ಆರಿಸಿದ್ದು ಚಾಮರಾಜನಗರವನ್ನೇ. ಹಲಗೆಯ ಕತೆ ಕೇಳಿದ ಅಕ್ಕನಿಗೆ ಇದು ಹುಚ್ಚಾಗಿ ತೋರಿತು. ಮಲ್ಪೆಯಲ್ಲಿ ಕೂಲಿಯುಂಟು, ಆದರೆ ವರ್ಷಕ್ಕೆ ಹತ್ತು ತಿಂಗಳು. ಭಾವ ಒಳ್ಳೆಯವರು, ಆದರೆ ಅದು ಭಾವನ ಮನೆ. ಅಲ್ಲಿ ನಾನು ಅಕ್ಕನ ತಂಗಿ. ಹಗಲು ಐಸಿನ ಲೆಕ್ಕ, ರಾತ್ರಿ ಅಂಚೆಯಲ್ಲಿ ಬಂದ ಪಾಠ. ನನಗೆ ಇನ್ನೆರಡು ವರ್ಷ ಅಧ್ಯಾಪಕರ ಎದುರು ಕುಳಿತು, ಎದ್ದು ನಿಂತು ಪ್ರಶ್ನೆ ಕೇಳಬೇಕೆಂಬ ಆಸೆ. ನಮ್ಮ ಮನೆಯಲ್ಲಿ ಯಾರೂ ಈಡೇರಿಸಿಕೊಳ್ಳದ ಆಸೆ ಅದು. ದಕ್ಕೆಯ ಮೇಲೆ ನಿಂತು ಕೂಗುವ ಆ ಹೆಂಗಸರನ್ನು ನಾನು ಮರೆತಿಲ್ಲ. ಮಂಡಿಗೆ ಈ ಸಲ ಅಪ್ಪನೊಡನೆ ಅವ್ವನೂ ಹೋಗಲಿ ಎಂದು ಮನೆಯಲ್ಲಿ ಈಗಾಗಲೇ ಹಟ ಹಿಡಿದಿದ್ದೇನೆ. ಅಪ್ಪ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ.

ಸುದ್ದಿ ತಿಳಿದ ಮೇಲೆ ಅಕ್ಕ ಒಂಬತ್ತು ದಿನ ಫೋನು ಮಾಡಲಿಲ್ಲ. ಹತ್ತನೆಯ ದಿನ ಮಾಡಿದಳು. ಬೋಟುಗಳು ನಿಂತ ಮೇಲೆ ಇಬ್ಬರೂ ಕುದೇರಿಗೆ ಬರುತ್ತಾರಂತೆ. ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹೊಸ ಮದುಮಕ್ಕಳು ಹೋಗಿ ಹಣ್ಣು-ಜವನ ಎಸೆಯುವುದು ನಮ್ಮ ಕಡೆಯ ವಾಡಿಕೆ. ಅಕ್ಕನ ಮದುವೆಯಾದ 2019ರಲ್ಲಿ ತೇರೇ ಇರಲಿಲ್ಲ. 2017ರಲ್ಲಿ ಬೆಂಕಿಗೆ ಸಿಕ್ಕ ರಥದ ಬದಲು ಹೊಸದು ಎಳೆದದ್ದು 2022ರಲ್ಲಿ. “ಹಳಬರಾದ್ರೂ ಸರಿ, ಈ ವರ್ಷ ಎಸ್ದೇ ಎಸೀತೀವಿ. ರಾತ್ರಿ ನಿನ್ನ ರೂಮಲ್ಲೇ ಮಲಗೋದು” ಎಂದಳು. ರೂಮು ಇನ್ನೂ ಸಿಕ್ಕಿಲ್ಲ ಎಂದೆ.

“ಸಿಕ್ಕೇ ಸಿಗ್ತದೆ ಬುಡು. ಸಿಕ್ಕಿದ ಮೇಲೆ ಮನೆಯವರನ್ನ ಒಂದು ಮಾತು ಕೇಳು: ಒಣಮೀನು ತರ್ಲಾ, ಬೇಡ್ವಾ?”