ಫಲಕ ಮತ್ತು ಮೀಟರು

ನಾನು ಬಿಇ ಓದಿದ ಕಾಲೇಜಿನ ಮೇಷ್ಟ್ರು ಫೋನ್ ಮಾಡಿದ್ರು. ಹೊಸ ಬ್ಲಾಕಿಗೆ ಹಸಿರು ಕಟ್ಟಡದ ರೇಟಿಂಗ್ ಬಂದಿದೆ, ಲಾಬಿಯ ಟೀವಿಗೆ ಒಂದು ಡ್ಯಾಶ್‌ಬೋರ್ಡ್ ಮಾಡಿಕೊಡಪ್ಪಾ ಅಂತ. ಒಪ್ಪಿಕೊಂಡೆ.

ಕೊಟ್ಟ ಶೀಟಿನಲ್ಲಿದ್ದದ್ದು ಬರೀ ಡಿಸೈನ್ ಹಂತದ ಅಂದಾಜು. ಮೀಟರ್ ರೀಡಿಂಗ್ ಕೇಳಿ ತರಿಸಿಕೊಂಡೆ. ಕರೆಂಟು ಅಂದಾಜಿನ ಹೆಚ್ಚುಕಮ್ಮಿ ಎರಡರಷ್ಟು! ಹೋಗಿ ನೋಡಿದರೆ ಪಶ್ಚಿಮಕ್ಕೆ ಪೂರ್ತಿ ಗಾಜು, ತೆರೆಯೋಕಾಗದ ಕಿಟಕಿ. ಮಧ್ಯಾಹ್ನ ಪರದೆ ಎಳೆದು ಲೈಟು, ಎಸಿ ಎರಡೂ ಆನ್.

ಆಗ ನೆನಪಾದದ್ದು ಬೆಂಗಳೂರಿನ ಐಐಎಂ. ಬಿ.ವಿ. ದೋಶಿ 1970ರ ದಶಕದಲ್ಲಿ ವಿನ್ಯಾಸ ಮಾಡಿದ ಕ್ಯಾಂಪಸ್. ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಕಾರಿಡಾರು, ನಡುನಡುವೆ ಅಂಗಳ. ನೆರಳು, ಗಾಳಿ ಎರಡೂ ನಕ್ಷೆಯಲ್ಲೇ ಇವೆ. ನಮ್ಮ ದೇಶದ 'ಗೃಹ' ರೇಟಿಂಗ್ ಶುರುವಾದದ್ದು 2007ರಲ್ಲಿ. ನಮ್ಮೂರಿನ ತೊಟ್ಟಿಮನೆಗೂ ಯಾರೂ ಸ್ಟಾರ್ ಕೊಟ್ಟಿರಲಿಲ್ಲ.

ಕಾಲೇಜಿಗೆ ಬಂದ ರೇಟಿಂಗ್ ಸುಳ್ಳಲ್ಲ. ಅದು ನಕ್ಷೆಗೆ ಸಿಕ್ಕ ಮಾರ್ಕು. ಕಟ್ಟಡದ ಪರೀಕ್ಷೆ ಶುರುವಾಗೋದು ಜನ ಒಳಗೆ ಬಂದ ಮೇಲೆ.

ಡ್ಯಾಶ್‌ಬೋರ್ಡಿನಲ್ಲಿ ಎರಡೂ ಅಂಕಿ ಪಕ್ಕಪಕ್ಕ ಹಾಕಿದೆ. "ಮೀಟರಿಂದು ತೆಗೆದುಬಿಡಯ್ಯಾ" ಅಂದ್ರು ಮೇಷ್ಟ್ರು. "ಆಗಲ್ಲ ಸಾರ್" ಅಂದೆ. ಅವರ ಮಾತಿಗೆ ಎದುರಾಡಿದ್ದು ಅದೇ ಮೊದಲು.

ಟೀವಿ ಇನ್ನೂ ಆನ್ ಆಗಿಲ್ಲವಂತೆ. ಅಷ್ಟಾದ್ರೂ ಕರೆಂಟು ಉಳೀತು.