ಸಿಬಿಐ ಕಾಗದ ಬಂದ ಮೇಲೆ ವಕೀಲರನ್ನ ಹುಡುಕಿದ್ದು (ಭಾಗ 3)

ಹೋದ ಭಾಗದಲ್ಲಿ ಮನೆಗೆ ಕಾಗದ ಬಂದದ್ದನ್ನ ಹೇಳಿ ನಿಲ್ಲಿಸಿದ್ದೆ. ಆಮೇಲೆ ನಿಮ್ಮಲ್ಲಿ ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ವಕೀಲರನ್ನ ಎಲ್ಲಿಂದ ಹಿಡಿದ್ರಿ?" ಇವತ್ತು ಅದನ್ನೇ ಹೇಳ್ತೀನಿ. ಉದ್ದ ಐತಿ, ಸಮಾಧಾನವಾಗಿ ಓದಿ.

ಹೊಸಬರಿಗೆ ನಾಲ್ಕು ಮಾತು. ನಮ್ಮೂರು ಪಾಪಿನಾಯಕನಹಳ್ಳಿ, ಎಲ್ಲರ ಬಾಯಲ್ಲಿ ಪಿ.ಕೆ. ಹಳ್ಳಿ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗೋ ಹೆದ್ದಾರಿಯಲ್ಲಿ ಬರುತ್ತೆ. ಈಗ ವಿಜಯನಗರ ಜಿಲ್ಲೆ, ಆಗ ಬಳ್ಳಾರಿ. ಫೋಟೋದಲ್ಲಿರೋ ಬೇವಿನ ಮರ ಕೆಂಪಗೆ ಕಾಣೋದು ಫಿಲ್ಟರ್ ಅಲ್ಲ, ಅದಿರಿನ ಧೂಳು. ಚೀನಾಕ್ಕೆ ಅದಿರು ಹರೀತಿದ್ದ ಕಾಲದಲ್ಲಿ ನಮ್ಮಣ್ಣ ಒಂದು ಸ್ಟಾಕ್‌ಯಾರ್ಡಿನಲ್ಲಿ ವೇಬ್ರಿಜ್ ಕ್ಲರ್ಕ್ ಆಗಿದ್ದ. ಲಾರಿ ತೂಗೋದು, ಚೀಟಿ ಹರಿದು ಕೊಡೋದು, ಅಷ್ಟೇ ಕೆಲಸ. ತಿಂಗಳಿಗೆ 6,500 ರೂಪಾಯಿ ಸಂಬಳ.

2011ರ ಜುಲೈ 27ಕ್ಕೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ವರದಿ ಕೊಟ್ಟರು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಹಗಲು ರಾತ್ರಿ ಲಾರಿ ಸಾಲು ನಿಂತಿರ್ತಿದ್ದ ರಸ್ತೆ ಒಮ್ಮೆಗೇ ಖಾಲಿ. 2012ರ ಸೆಪ್ಟೆಂಬರಿನಲ್ಲಿ ಬೇಲೆಕೇರಿ ಬಂದರಿನಿಂದ ಸಾಗಿದ ಅಕ್ರಮ ಅದಿರಿನ ತನಿಖೆ ಸಿಬಿಐಗೆ ಹೋಯ್ತು. ಮರುವರ್ಷ ಅಣ್ಣನಿಗೆ ಕಾಗದ ಬಂತು, ಸಾಕ್ಷಿ ಅಂತ. ಚಾರ್ಜ್‌ಶೀಟ್ ಆದಮೇಲೆ ಕೋರ್ಟಿನಿಂದ ಬಂದ ಸಮನ್ಸಿನಲ್ಲಿ ಮಾತ್ರ ಅವನು ಸಾಕ್ಷಿ ಅಲ್ಲ, 11ನೇ ಆರೋಪಿ. ಒಳಸಂಚು, ವಂಚನೆ, ಸುಳ್ಳು ದಾಖಲೆ.

ಸಮನ್ಸ್ ಬಂದ ಸಂಜೆಯೇ ಯಾರ್ಡ್ ಮಾಲೀಕರ ಆಫೀಸಿನಿಂದ ಫೋನ್. ದನಿ ಬಹಳ ಮೆತ್ತಗಿತ್ತು. "ನೀವ್ಯಾಕ ತಲಿ ಕೆಡಿಸ್ಕೊಂತೀರಿ? ಬೆಂಗಳೂರಾಗ ನಮ್ಮ ದೊಡ್ಡ ಲಾಯರ್ ಅದಾರ. ಎಲ್ಲಾರದೂ ಅವರೇ ನೋಡ್ಕೊಂತಾರ. ಒಂದು ರೂಪಾಯಿ ಖರ್ಚಿಲ್ಲ, ವಕಾಲತ್ತಿಗೆ ಸಹಿ ಹಾಕಿದ್ರ ಸಾಕು." ಅವ್ವ ಕೈ ಮುಗಿದು ದೇವರ ಕಡೆ ನೋಡಿದಳು. ನಮ್ಮಂಥ ಮನೆಯಲ್ಲಿ ಇಂಥ ಮಾತು ಕೇಳಿದರೆ ಯಾರಿಗಾದರೂ ಜೀವ ಬಂದಂಗಾಗುತ್ತೆ. ಅಣ್ಣನಿಗೆ ಇನ್ನೂ ನಾಲ್ಕು ತಿಂಗಳ ಸಂಬಳ ಅವರೇ ಕೊಡಬೇಕಿತ್ತು. ಬೇಡ ಅಂದರೆ ಅದೂ ಹೋಗುತ್ತೆ ಅನ್ನೋ ಭಯ ಬೇರೆ.

ನಮ್ಮನ್ನ ತಡೆದದ್ದು ಹೊಸಪೇಟೆಯ ಒಬ್ಬ ಹಿರಿಯ ವಕೀಲರು. ಹೊಲದ ಕೇಸು, ಪಾಲು ವಿಭಾಗದ ಕೇಸು ನಡೆಸೋರು. ನಮ್ಮ ಸೋದರಮಾವನ ಹೊಲದ ವ್ಯಾಜ್ಯ ಅವರ ಹತ್ರಾನೇ ಇತ್ತು. ಸಾಕ್ಷಿ ಅಂತ ಕರೆದಾಗಲೂ ಮೊದಲು ಅವರ ಬಳಿಗೇ ಹೋಗಿದ್ವಿ. ಆಗ ಅವರು ಹೇಳಿದ್ದ ಎರಡು ಮಾತು ನಿಮಗೂ ಬೇಕಾಗಬಹುದು. ತನಿಖಾಧಿಕಾರಿ ಮುಂದೆ ಕೊಟ್ಟ ಹೇಳಿಕೆಯನ್ನ ಅವರು ಬರ್ಕೊಂಡರೆ ಅದಕ್ಕೆ ನೀವು ಸಹಿ ಹಾಕಬೇಕಿಲ್ಲ, ಕಾನೂನೇ ಹಂಗೈತಿ. ಮತ್ತೆ, ನಿಮ್ಮ ಮೇಲೇ ಅಪರಾಧ ಹೊರಿಸುವಂಥ ಉತ್ತರ ಕೊಡು ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ. ಅದು ಸಂವಿಧಾನದ 20(3)ನೇ ವಿಧಿ. ಅಂದ್ರೆ ಸಾಕ್ಷಿ ಅಂತ ಕರೆದಾಗಲೇ ಒಬ್ಬ ವಕೀಲರನ್ನ ಕಂಡು ಹೋಗಬೇಕು. ಆರೋಪಿ ಅಂತ ಹೆಸರು ಬರೋವರೆಗೆ ಕಾಯಬಾರದು. ಬೆಂಗಳೂರಲ್ಲಿ ಸಿಬಿಐ ಕಚೇರಿ ಇರೋದು ಗಂಗಾನಗರದಲ್ಲಿ, ರಸ್ತೆ ಹೆಸರು ಬಳ್ಳಾರಿ ರೋಡ್! ಅಣ್ಣ ಬೋರ್ಡು ಓದಿ ನಕ್ಕಿದ್ದನಂತೆ. ಅವತ್ತು ಅವನಿಗೆ ನಗು ಬಂದದ್ದು ಅದೊಂದೇ ಸಲ.

ಸಮನ್ಸ್ ತಗೊಂಡು ಹೋದಾಗ ಆ ಹಿರಿಯರು ಕನ್ನಡಕ ತೆಗೆದಿಟ್ಟು ಹೇಳಿದ್ದು ಇದು: "ಮಾಲೀಕ ಕೋರ್ಟಿನಾಗ ಏನಂತಾನ? ತೂಕ ಬರ್ದೋನು ಕ್ಲರ್ಕು, ನನಗೇನ್ ಗೊತ್ತು ಅಂತಾನ. ನಿಮ್ಮ ಹುಡುಗ ಏನಂತಾನ? ಮಾಲೀಕ ಹೇಳಿದ್ದು ಬರ್ದೀನಿ ಅಂತಾನ. ಒಬ್ಬನೇ ವಕೀಲ ಈ ಎರಡೂ ಮಾತು ಹೆಂಗ ಆಡ್ತಾನವ್ವಾ? ಫೀಸು ಕೊಡೋರು ಯಾರೋ ಅವರ ಮಾತೇ ಆಡ್ತಾನ."

ನಾನು ಈ ಸರಣಿ ಬರೀತಿರೋದೇ ಈ ಮಾತಿಗೋಸ್ಕರ. ಕಂಪನಿ ಕೊಡೋ ವಕೀಲರು ಕೆಟ್ಟವರು ಅಂತ ಅಲ್ಲ, ಬಹಳ ಜಾಣರೇ ಇರಬಹುದು. ಆದರೆ ಒಂದೇ ಕೇಸಿನಲ್ಲಿ ಮಾಲೀಕ, ಮ್ಯಾನೇಜರ್, ಕ್ಲರ್ಕ್, ಡ್ರೈವರ್ ಎಲ್ಲರೂ ಆರೋಪಿಗಳಾದಾಗ, ಒಬ್ಬರನ್ನ ಉಳಿಸೋ ದಾರಿ ಇನ್ನೊಬ್ಬರ ಹೆಗಲ ಮೇಲಿಂದಲೇ ಹೋಗುತ್ತೆ. ಆ ಹೆಗಲು ಯಾವಾಗಲೂ ಸಣ್ಣ ಸಂಬಳದವರದು. ಮುಂದೆ ಚಾರ್ಜ್‌ಶೀಟಿನ ಪ್ರತಿ ಕೈಗೆ ಬಂದಾಗ ನೋಡಿದ್ವಿ: ಮ್ಯಾನೇಜರ್ ಹೇಳಿಕೆ ಅಕ್ಷರಶಃ ಹಿರಿಯರು ಹೇಳಿದಂಗೇ ಇತ್ತು. ತೂಕ ನಮೂದಿಸಿದ್ದು ಕ್ಲರ್ಕ್ ಸ್ವಂತ ಜವಾಬ್ದಾರಿಯಿಂದ ಅಂತ.

"ಹಂಗಾದ್ರ ನೀವೇ ನಡೆಸ್ರಿ ಸರ್" ಅಂದ ಮಾವ. ಅವರು ತಲೆಯಾಡಿಸಿದರು. "ಇದು ನನ್ನ ಕೈಯಾಗಿನ ಕೆಲಸ ಅಲ್ಲಪಾ. ಬೆಂಗಳೂರಿಗೆ ಹೋಗ್ರಿ. ಆ ಸ್ಪೆಷಲ್ ಕೋರ್ಟಿನಾಗ ಎರಡು ದಿನ ಸುಮ್ನ ಹಿಂದಿನ ಬೆಂಚಿನ ಮ್ಯಾಲ ಕುಂದರ್ರಿ. ಯಾರು ಕಾಗದ ಓದ್ಕೊಂಡು ಬಂದಾರ, ಯಾರು ಬರೀ ತಾರೀಖು ತಗೊಂಡು ಹೋಗ್ತಾರ, ನಿಮಗೇ ಗೊತ್ತಾಗ್ತೈತಿ." ತನಗೆ ಬರೋ ಫೀಸು ಬಿಟ್ಟು ಹಿಂಗೆ ಹೇಳೋ ವಕೀಲರು ಸಿಕ್ಕರೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ನಾನು, ಅಣ್ಣ, ಮಾವ ಮೂವರೂ ಹೋದ್ವಿ. ಕೋರ್ಟು ತೆರೆದ ಜಾಗ, ಯಾರು ಬೇಕಾದರೂ ಒಳಗೆ ಕೂತು ನೋಡಬಹುದು. ಇದು ನಮಗೆ ಗೊತ್ತೇ ಇರಲಿಲ್ಲ. ಒಳಗೆ ಕಾಲಿಡೋಕೆ ಮಾವ ಚಪ್ಪಲಿ ಬಿಡಬೇಕಾ ಅಂತ ಕೇಳಿದ! ಮೊದಲ ದಿನ ಕಣ್ಣಿಗೆ ಬಿದ್ದವರು ಜೋರು ದನಿಯವರು. ಎರಡನೇ ದಿನ ಮಧ್ಯಾಹ್ನ, ಸಣಕಲು ಮೈಯ ಒಬ್ಬರು ಎದ್ದು, ತಮಗೆ ಕೊಟ್ಟ ಚಾರ್ಜ್‌ಶೀಟ್ ಪ್ರತಿಯಲ್ಲಿ ಇಂತಿಂಥ ಪುಟ ಇಲ್ಲ, ಇಂತಿಂಥ ಪುಟ ಓದೋಕೆ ಬರಲ್ಲ ಅಂತ ಪುಟದ ನಂಬರ್ ಸಮೇತ ಹೇಳಿದರು. ಪ್ರತಿಯನ್ನ ಪುಕ್ಕಟೆಯಾಗಿ, ಪೂರ್ತಿಯಾಗಿ ಪಡೆಯೋದು ಆರೋಪಿಯ ಹಕ್ಕು. ಸಾವಿರಾರು ಪುಟದ ಕಟ್ಟಿನಲ್ಲಿ ಯಾವುದು ಇಲ್ಲ ಅಂತ ಹೇಳಬೇಕಾದರೆ ಇರೋದನ್ನೆಲ್ಲ ಓದಿರಬೇಕಲ್ವಾ? ಅಣ್ಣ ನನ್ನ ಮೊಣಕೈ ತಿವಿದ.

ಹೊರಗೆ ಕಾರಿಡಾರಿನಲ್ಲಿ ನಿಲ್ಲಿಸಿ ಮಾತಾಡಿಸಿದ್ವಿ. ಅವರು ಫೀಸಿನ ಮಾತೇ ಎತ್ತಲಿಲ್ಲ. ಅಣ್ಣನನ್ನ ಒಬ್ಬನನ್ನೇ ಪಕ್ಕಕ್ಕೆ ಕರೆದು, ನಮ್ಮನ್ನ ದೂರ ನಿಲ್ಲಿಸಿ, ಅರ್ಧ ಗಂಟೆ ಪ್ರಶ್ನೆ ಕೇಳಿದರು. ನೇಮಕಾತಿ ಪತ್ರ ಐತಾ? ಕಂಪ್ಯೂಟರ್ ಪಾಸ್‌ವರ್ಡ್ ಯಾರ ಹತ್ರ ಇತ್ತು? ಸಂಬಳ ಕೈಗೋ ಬ್ಯಾಂಕಿಗೋ? ವಕೀಲರಿಗೆ ಹೇಳಿದ ಮಾತನ್ನ ಅವರು ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಬಿಡೋ ಹಾಗಿಲ್ಲ, ಅದಕ್ಕೇ ಮನೆಯವರನ್ನೂ ದೂರ ಇಡ್ತಾರೆ. ನನಗೆ ಆಗ ಸ್ವಲ್ಪ ಸಿಟ್ಟು ಬಂದಿತ್ತು, ಒಡಹುಟ್ಟಿದವಳನ್ನೂ ದೂರ ನಿಲ್ಲಿಸ್ತಾರಲ್ಲ ಅಂತ. ಕಾರಣ ತಿಳಿದ ಮೇಲೆ ಅವರ ಮೇಲೆ ನಂಬಿಕೆ ಹೆಚ್ಚಾಯ್ತು.

"ಗೆಲ್ತೀವಾ ಸರ್?" ಅಂತ ಮಾವ ಕೇಳಿದ್ದಕ್ಕೆ, "ಅದನ್ನ ಹೇಳೋರ ಹತ್ರ ಹೋಗಬೇಡಿ" ಅಂದರು.

ಫೀಸನ್ನ ಹಂತ ಹಂತವಾಗಿ ಮಾತಾಡಿದ್ವಿ: ಜಾಮೀನಿಗೆ ಇಷ್ಟು, ಆರೋಪದಿಂದ ಕೈಬಿಡಿ ಅನ್ನೋ ಅರ್ಜಿಗೆ ಇಷ್ಟು, ವಿಚಾರಣೆ ಶುರುವಾದರೆ ಇಷ್ಟು. ಎಲ್ಲ ಒಂದು ಹಾಳೆ ಮೇಲೆ ಬರೆಸ್ಕೊಂಡ್ವಿ. ಗೆದ್ದರೆ ಇಷ್ಟು ಪಾಲು ಕೊಡಿ ಅನ್ನೋ ಕರಾರು ವಕೀಲರು ಮಾಡೋ ಹಾಗೇ ಇಲ್ಲ, ಬಾರ್ ಕೌನ್ಸಿಲ್ ನಿಯಮ. ಜಾಹೀರಾತು ಕೊಡೋ ಹಾಗೂ ಇಲ್ಲ. ಆದ್ದರಿಂದ ಕೋರ್ಟ್ ಗೇಟಿನಲ್ಲಿ ಕೈ ಹಿಡಿದು ಎಳೆಯೋರನ್ನ ಕಂಡರೆ ಹಂಗೇ ಮುಂದೆ ಹೋಗಿ. ಅವ್ವನ ಬೋರಮಾಳ ಸರ ಆ ವಾರ ಹೊಸಪೇಟೆಯಲ್ಲಿ ಅಡವಿಗೆ ಹೋಯ್ತು. ಅದರ ಬಗ್ಗೆ ಹೆಚ್ಚು ಬರೆಯೋಕೆ ಮನಸ್ಸಿಲ್ಲ.

ಬಾಕಿ ಸಂಬಳ? ಬರಲಿಲ್ಲ.

ಅದೇ ಯಾರ್ಡಿನ ಇನ್ನೊಬ್ಬ ಹುಡುಗ ಕಂಪನಿ ವಕೀಲರ ವಕಾಲತ್ತಿಗೆ ಸಹಿ ಹಾಕಿದ್ದ. ಎರಡು ವರ್ಷ ಆದಮೇಲೆ ಬದಲಾಯಿಸ್ತೀನಿ ಅಂದಾಗ, ಬಾಕಿ ಫೀಸು ಕಟ್ಟೋವರೆಗೆ ಫೈಲು ಕೊಡಲ್ಲ ಅಂದರಂತೆ. ನಿಮಗೂ ಹಿಂಗಾದರೆ ತಿಳ್ಕೊಂಡಿರಿ: ಫೀಸು ಬಾಕಿ ಐತಿ ಅಂತ ಕಕ್ಷಿದಾರನ ಕಾಗದಪತ್ರ ಹಿಡಿದಿಟ್ಟುಕೊಳ್ಳೋ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳೈತಿ. ನಮ್ಮ ವಕೀಲರೇ ಆ ತೀರ್ಪಿನ ಹೆಸರು ಬರೆದುಕೊಟ್ಟರು. ಫೈಲು ಬಂತು.

ಸರ ಅಡವಿಡೋಕೂ ಇಲ್ಲದವರು ಏನು ಮಾಡಬೇಕು ಅಂತ ಕೇಳಿದ್ರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಬಂಧನದಲ್ಲಿರೋರಿಗೆ ಆದಾಯ ನೋಡದೆ ಉಚಿತ ವಕೀಲರನ್ನ ಕೊಡ್ತಾರೆ. ಉಳಿದವರಿಗೆ ಆದಾಯದ ಮಿತಿ ಇರುತ್ತೆ. ತಾಲೂಕು ಕೋರ್ಟಿನಲ್ಲೇ ಸಮಿತಿ ಇರುತ್ತೆ, ಫೋನ್ 15100. ಪುಕ್ಕಟೆ ವಕೀಲರು ಅಂದ್ರೆ ಕೆಲಸಕ್ಕೆ ಬಾರದವರು ಅನ್ನೋ ಮಾತನ್ನ ನಾನು ಒಪ್ಪಲ್ಲ. ಅವರನ್ನೂ ಅದೇ ಅಳತೆಗೋಲಿನಿಂದ ನೋಡಿ: ಕಾಗದ ಓದಿದಾರಾ, ಇಲ್ವಾ?

ಇನ್ನೊಂದು, ಬೇಗ ಹೇಳಿಬಿಡ್ತೀನಿ. ವಿಡಿಯೋ ಕಾಲಿನಲ್ಲಿ ಖಾಕಿ ಹಾಕ್ಕೊಂಡು "ಸಿಬಿಐ, ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡೀವಿ" ಅಂದ್ರೆ ಫೋನ್ ಇಟ್ಟು 1930ಕ್ಕೆ ದೂರು ಕೊಡಿ. ಅಂಥ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ.

ಇವೆಲ್ಲ ಎಷ್ಟು ವರ್ಷ ಎಳೀತಾವೆ ಅಂತೀರಾ? ಓಬಳಾಪುರಂ ಮೈನಿಂಗ್ ಕಂಪನಿ ಕೇಸು ದಾಖಲಾದದ್ದು 2009ರ ಡಿಸೆಂಬರಿನಲ್ಲಿ. ಹೈದರಾಬಾದಿನ ಸಿಬಿಐ ವಿಶೇಷ ಕೋರ್ಟ್ ತೀರ್ಪು ಕೊಟ್ಟದ್ದು 2025ರ ಮೇ 6ಕ್ಕೆ. ಗಾಲಿ ಜನಾರ್ದನ ರೆಡ್ಡಿಯವರಿಗೆ 7 ವರ್ಷ ಶಿಕ್ಷೆ ಆಯ್ತು, ಮರು ತಿಂಗಳೇ ತೆಲಂಗಾಣ ಹೈಕೋರ್ಟ್ ಅದನ್ನ ಅಮಾನತಿನಲ್ಲಿಟ್ಟಿತು. ಅದೇ ತೀರ್ಪಿನಲ್ಲಿ ಇಬ್ಬರು ಖುಲಾಸೆ ಆದರು, ಅಷ್ಟೆಲ್ಲ ವರ್ಷ ಆದಮೇಲೆ. ಅದಕ್ಕೇ ಹೇಳೋದು, ವಕೀಲರನ್ನ ಜಾಮೀನಿನ ಒಂದು ದಿನಕ್ಕೆ ಅಂತ ಹುಡುಕಬೇಡಿ.

ನಮ್ಮಣ್ಣನನ್ನ ಕೈಬಿಡಿ ಅನ್ನೋ ಅರ್ಜಿ ವಜಾ ಆಯ್ತು. ವಿಚಾರಣೆ ನಡೀತೈತಿ. ಪ್ರತಿ ತಾರೀಖಿಗೂ ಅವನು ಬೆಂಗಳೂರಿಗೆ ಹೋಗೋದು ಬೇಡ ಅಂತ ವಕೀಲರು ಗೈರುಹಾಜರಿ ಅರ್ಜಿ ಹಾಕ್ತಾರೆ. ತೀರಾ ಬೇಕಾದಾಗ ಮಾತ್ರ ರೈಲು. ಹೋದ ಸಲ ಯಾರ್ಡಿನ ಲೆಕ್ಕಿಗರ ಪಾಟೀಸವಾಲು ಇತ್ತು. ಪಾಸ್‌ವರ್ಡ್ ಯಾರ ಹತ್ರ ಇತ್ತು ಅನ್ನೋ ಪ್ರಶ್ನೆಗೆ ಅವರು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ "ಮ್ಯಾನೇಜರ್ ಹತ್ರ" ಅಂದರು. ಟೈಪಿಸ್ಟ್ ಅದನ್ನ ಬರ್ಕೊಂಡರು.

ಮುಂದಿನ ಭಾಗದಲ್ಲಿ ಜಾಮೀನುದಾರರ ಕಥೆ: ಪಹಣಿ ಹಿಡ್ಕೊಂಡು ಬೆಂಗಳೂರಿಗೆ ಬರೋಕೆ ಊರಲ್ಲಿ ಯಾರು ಒಪ್ಪಿದರು, ಯಾರು ಬಾಗಿಲು ಹಾಕ್ಕೊಂಡರು.

#ಪಾಪಿನಾಯಕನಹಳ್ಳಿ #ಹೊಸಪೇಟೆ #ಸಂಡೂರು #ಕೋರ್ಟುಕಚೇರಿ #ಭಾಗ3